ಕಾಳಜಿ ಕೇಂದ್ರದ ಕೆಲಸದಲ್ಲಿ ಲೈಂಗಿಕ ದುರ್ನಡತೆಯ ಅಪಾಯ ಅಳೆಯೋದು ಹೇಗೆ? ಎಲ್ಲಾ ಕಡೆ 'ಕಡಿಮೆ' ಅಂತ ಬರೆದು ಕಳಿಸೋಕೆ ಮನಸ್ಸು ಒಪ್ತಿಲ್ಲ

ಕಪಿಲಾ ದಂಡೆ (ನಂಜನಗೂಡು)
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಟ್ರಸ್ಟ್. ಸಂಬಳಕ್ಕೆ 14 ಜನ, ಮಳೆಗಾಲದಲ್ಲಿ ಸ್ವಯಂಸೇವಕರು 60ರ ತನಕ. ಕಬಿನಿಯಿಂದಲೋ ಕೆಆರ್‌ಎಸ್‌ನಿಂದಲೋ ನೀರು ಬಿಟ್ಟಾಗ ನಂಜನಗೂಡು, ಟಿ. ನರಸೀಪುರ, ಶ್ರೀರಂಗಪಟ್ಟಣದ ಕಡೆ ಕಾಳಜಿ ಕೇಂದ್ರಗಳಿಗೆ (ನೆರೆ ಸಂತ್ರಸ್ತರು ತಾತ್ಕಾಲಿಕವಾಗಿ ಉಳಿಯೋ ಜಾಗ) ದಿನಸಿ ಕಿಟ್ಟು, ಹೊದಿಕೆ ಕೊಡ್ತೀವಿ. ಉಳಿದ ತಿಂಗಳು ಎಚ್.ಡಿ. ಕೋಟೆ ಹಾಡಿಗಳಲ್ಲಿ (ಆದಿವಾಸಿಗಳ ಊರು) ಪೌಷ್ಟಿಕ ಆಹಾರದ ಕೆಲಸ.

ಈ ಸಲ ಹಣ ಕೊಡೋರು ಒಂದು ನಮೂನೆ ಕಳಿಸಿದಾರೆ. ನಮ್ಮ ಸಿಬ್ಬಂದಿಯಿಂದ ಫಲಾನುಭವಿಗಳಿಗೆ ಲೈಂಗಿಕ ಶೋಷಣೆ ಆಗೋ ಅಪಾಯ ಎಷ್ಟು, ಅದನ್ನ ಇಳಿಸೋಕೆ ಏನು ಮಾಡ್ತೀರಿ ಅಂತ. ಕಚೇರಿಯಲ್ಲಿ ತುಂಬಿಟ್ಟ ಕರಡಿನಲ್ಲಿ ಎಲ್ಲಾ ಕಾಲಮ್ಮಿಗೂ 'ಕಡಿಮೆ' ಅಂತಿದೆ, ಕಾರಣ 'ಇದುವರೆಗೆ ಒಂದೂ ದೂರು ಬಂದಿಲ್ಲ'. ಇದನ್ನ ನಿಜವಾಗಿ ಹೇಗೆ ಮಾಡ್ಬೇಕು? ಗೊತ್ತಿರೋರು ಬಿಡಿಸಿ ಹೇಳಿ.

ಲೆಕ್ಕದ ಪುಸ್ತಕ (ಮಂಡ್ಯ)
ಮೊದಲು ಆ ಕಾರಣದ ಸಾಲು ಹೊಡೆದು ಹಾಕಿ ಮೇಡಂ. ದೂರು ಕೊಡೋ ದಾರಿಯೇ ಇಲ್ಲದ ಊರಲ್ಲಿ ದೂರು ಎಲ್ಲಿಂದ ಬರುತ್ತೆ?

ಹಾಡಿ ಹಾದಿ (ಎಚ್.ಡಿ. ಕೋಟೆ)
ನಮೂನೆ ಪಕ್ಕಕ್ಕಿಡಿ. ಒಂದು ದಿನದ ಕೆಲಸ ತಗೊಳ್ಳಿ. ಟಾಟಾ ಏಸ್‌ಗೆ ಮೂಟೆ ಹೇರೋದ್ರಿಂದ ಹಿಡಿದು ರಾತ್ರಿ ಕೇಂದ್ರದ ಬಾಗಿಲು ಹಾಕೋ ತನಕ ಒಂದೊಂದೇ ಹೆಜ್ಜೆ ದೊಡ್ಡ ಹಾಳೆ ಮೇಲೆ ಬರೀರಿ. ಡ್ರೈವರ್, ಅಡುಗೆಯವರು, ಉಗ್ರಾಣ ನೋಡೋರು ಎಲ್ಲ ಕೂತಿರ್ಬೇಕು, ಮೇಲಿನೋರೇ ಕೂತು ಬರೆದ್ರೆ ಅರ್ಧ ಹೆಜ್ಜೆ ಬಿಟ್ಟುಹೋಗುತ್ತೆ. ಪ್ರತಿ ಹೆಜ್ಜೆಗೂ ಮೂರು ಪ್ರಶ್ನೆ ಕೇಳಿ: ಕೊಡೋದು ಬಿಡೋದು ಯಾರ ಕೈಲಿದೆ, ಆ ಹೊತ್ತಲ್ಲಿ ಜೊತೆಗೆ ಇನ್ನೊಬ್ರು ಇರ್ತಾರಾ, ಆ ಹೆಂಗಸು 'ಆಗಲ್ಲ' ಅಂದ್ರೆ ಅವಳಿಗೆ ಏನು ತಪ್ಪಿಹೋಗುತ್ತೆ.

ಹೀಗೆ ಕೇಳ್ತಾ ಹೋದ್ರೆ ಅಪಾಯ ಎಲ್ಲಿ ಕೂತಿದೆ ಅಂತ ತಾನೇ ಕಾಣುತ್ತೆ. ಮೈದಾನದಲ್ಲಿ ಸಾಲು ನಿಲ್ಲಿಸಿ ಹಂಚೋವಾಗ ನೂರು ಕಣ್ಣು ಇರುತ್ತೆ, ಅಲ್ಲಿ ಅಷ್ಟೇನೂ ಇಲ್ಲ. ಅಪಾಯ ಇರೋದು ಇಲ್ಲಿ: ಹಂಚೋದಕ್ಕೆ ಮೊದಲು ಪಟ್ಟಿಗೆ ಹೆಸರು ಸೇರಿಸೋದು, ಆಧಾರ್ ಇಲ್ಲದವರನ್ನ 'ವಿಶೇಷ ಪ್ರಕರಣ' ಅಂತ ಒಪ್ಪೋದು, ಸಂಜೆ ಉಳಿದ ಕಿಟ್ಟು ಯಾರಿಗೆ ಅನ್ನೋದು, ಬಾಣಂತಿಯನ್ನ ಗಾಡಿಯಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಅಡುಗೆಗೆ ದಿನಗೂಲಿ ಹೆಂಗಸರನ್ನ ಆರಿಸೋದು, ಗಂಡ ಕೂಲಿಗೆ ಹೋದ ಹೊತ್ತಲ್ಲಿ ಮನೆ ಭೇಟಿ. ಎಲ್ಲಾ ಕಡೆ ಒಬ್ಬನ ಬಾಯಿಮಾತಿನ ಮೇಲೆ ನಡೆಯೋ ಕೆಲಸ.

ಅಂಕ ಕೊಡೋದು: ಸಾಮಾನ್ಯವಾಗಿ ಸಂಭವ 1ರಿಂದ 5, ಪರಿಣಾಮ 1ರಿಂದ 5, ಎರಡನ್ನೂ ಗುಣಿಸ್ತಾರೆ. ಈ ವಿಷಯದಲ್ಲಿ ಪರಿಣಾಮಕ್ಕೆ 4ಕ್ಕಿಂತ ಕಡಿಮೆ ಹಾಕೋದಕ್ಕೆ ಅರ್ಥವೇ ಇಲ್ಲ. ಹಾಗಾಗಿ ಯಾವುದು ಮೇಲೆ, ಯಾವುದು ಕೆಳಗೆ ಅನ್ನೋದು ಸಂಭವದ ಅಂಕದ ಮೇಲೇ ನಿಂತಿರುತ್ತೆ. ಅದನ್ನ ಅಂದಾಜಿಗೆ ಬಿಡಬೇಡಿ. 1ರಿಂದ ಶುರು ಮಾಡಿ. ಒಬ್ಬರೇ ನಿರ್ಧರಿಸ್ತಾರಾ, ಮರೆಯ ಜಾಗವಾ, ಕತ್ತಲಾದ ಮೇಲಾ, ಆ ವಸ್ತು ಬೇರೆಲ್ಲೂ ಸಿಗಲ್ವಾ? ಒಂದೊಂದು ಹೌದಿಗೂ 1 ಕೂಡಿಸಿ. ಉಳಿದ ಕಿಟ್ಟಿನ ವಿಚಾರ ನಾಲ್ಕಕ್ಕೂ ಹೌದು: 5 ಗುಣಿಸು 4, ಒಟ್ಟು 20. 15 ದಾಟಿದ್ದನ್ನ ಸರಿಮಾಡದೆ ಆ ಕೆಲಸ ಶುರು ಮಾಡ್ಬೇಡಿ.

ಸಕ್ಕರೆ ಸೀಮೆ (ಪಾಂಡವಪುರ)
ಉಳಿಯೋ ಕಿಟ್ಟು ಎಷ್ಟಿದ್ದಾತು ಬುಡಿ ಸಾ, ಹತ್ತೋ ಹದಿನೈದೋ. ಅದಕ್ಕೆ ಇಷ್ಟೊಂದು ಲೆಕ್ಕವಾ? ಹುಡುಗ್ರು ಮಳೇಲಿ ನೆಂದ್ಕಂಡು ದುಡೀತಾವರೆ, ಅವರ ಮೇಲೇ ಅನುಮಾನ ಪಟ್ರೆ ನಾಳೆ ಯಾರು ಬತ್ತಾರೆ?

ಹಾಡಿ ಹಾದಿ (ಎಚ್.ಡಿ. ಕೋಟೆ)
ಹತ್ತು ಕಿಟ್ಟಿಗೆ ಐವತ್ತು ಜನ ಕಾಯ್ತಿರ್ತಾರೆ ಅಣ್ಣ. ಪಟ್ಟಿ ಇಲ್ಲದ ಹತ್ತು ಕಿಟ್ಟು ಒಬ್ಬನ ಕೈಲಿದ್ರೆ ಅವನೇ ಆವತ್ತಿನ ದೊರೆ. 2002ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ನಿರಾಶ್ರಿತರ ಶಿಬಿರಗಳಲ್ಲಿ ಹೊರಬಿದ್ದದ್ದು ಇಂಥದ್ದೇ: ಎಣ್ಣೆ, ಕಾಳು, ಟಾರ್ಪಾಲು ಕೊಡೋ ಕೈಯವರು ಅದಕ್ಕೆ ಬದಲಾಗಿ ಹೆಣ್ಣುಮಕ್ಕಳನ್ನ ಬಳಸಿಕೊಂಡಿದ್ದರು ಅನ್ನೋ ಆರೋಪ. ಸಿಬ್ಬಂದಿಯಿಂದ ಲೈಂಗಿಕ ಶೋಷಣೆ ಆಗದ ಹಾಗೆ ತಡೆಯೋ ವಿಶ್ವಸಂಸ್ಥೆಯ 2003ರ ನಿಯಮ ಬಂದದ್ದೂ ಅದರ ಬೆನ್ನಿಗೇ.

ಮಾಡ್ಬೇಕಾದ್ದು ಸುಲಭ. ಸಂಜೆ ಉಳಿದದ್ದನ್ನ ಇಬ್ಬರು ಎಣಿಸಿ ಸಹಿ ಹಾಕಿ ಉಗ್ರಾಣಕ್ಕೆ ವಾಪಸ್ ಕಳಿಸ್ಬೇಕು. ಕಾಯುವವರ ಪಟ್ಟಿಯನ್ನ ಬೆಳಗ್ಗೆಯೇ ಎಲ್ಲರೆದುರು ಓದಿರ್ಬೇಕು, ಉಳಿದದ್ದು ಆ ಕ್ರಮದಲ್ಲೇ ಹೋಗ್ಬೇಕು. ಒಳ್ಳೇ ಹುಡುಗ್ರಿಗೆ ಇದು ರಕ್ಷಣೆ. ಅವರ ಮೇಲೆ ಸುಳ್ಳು ಮಾತು ಬಂದ್ರೂ ಕಾಗದ ಅವರ ಪರ ನಿಲ್ಲುತ್ತೆ.

ಸಕ್ಕರೆ ಸೀಮೆ (ಪಾಂಡವಪುರ)
ಆ ಮಾತು ಒಪ್ಕತೀನಿ.

ಚಾಮುಂಡಿಪುರಂ ವಕೀಲೆ (ಮೈಸೂರು)
ಕಾನೂನಿನ ಕಡೆ. 14 ಜನ ಇದ್ದೀರಿ ಅಂದಮೇಲೆ 2013ರ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು, ಗಡಿ 10 ಜನ. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ, ಉದ್ಯೋಗಿಗಳಿಂದ ಕನಿಷ್ಠ ಇಬ್ಬರು, ಹೊರಗಿನ ಸಂಸ್ಥೆಯ ಒಬ್ಬರು, ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು. ಅವಧಿ 3 ವರ್ಷ ಮೀರುವಂತಿಲ್ಲ. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಹೊರಗಿನ ಸದಸ್ಯರಿಗೆ ದಿನಕ್ಕೆ 200 ರೂಪಾಯಿ ಭತ್ಯೆ, ಪ್ರಯಾಣ ವೆಚ್ಚ ನಿಯಮದಲ್ಲೇ ಇದೆ, ಬಜೆಟ್ಟಿನಲ್ಲಿ ಒಂದು ಸಾಲು ಇಡಿ.

ದೂರು ಟ್ರಸ್ಟಿನ ಮಾಲೀಕಸ್ಥಾನದಲ್ಲಿರುವವರ ಮೇಲೇ ಆದರೆ ನಿಮ್ಮ ಸಮಿತಿಗೆ ಬರುವಂತಿಲ್ಲ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಹೆಚ್ಚಿನ ಸಂಸ್ಥೆಗಳ ನೀತಿಯಲ್ಲಿ ಈ ಸಾಲು ಇರುವುದೇ ಇಲ್ಲ. ನಿಮ್ಮದರಲ್ಲಿ ಬರೆಯಿರಿ.

ಲೆಕ್ಕದ ಪುಸ್ತಕ (ಮಂಡ್ಯ)
ಒಂದು ಅನುಮಾನ ಮೇಡಂ. ಸ್ವಯಂಸೇವಕರು ಉದ್ಯೋಗಿಗಳಲ್ಲ, ಸಂತ್ರಸ್ತ ಹೆಂಗಸರೂ ಉದ್ಯೋಗಿಗಳಲ್ಲ. ಹಾಗಿದ್ರೆ ಆ ಕಾಯ್ದೆ ಕಾಳಜಿ ಕೇಂದ್ರಕ್ಕೆ ಅನ್ವಯಿಸಲ್ಲ ಅಲ್ವಾ?

ಚಾಮುಂಡಿಪುರಂ ವಕೀಲೆ (ಮೈಸೂರು)
ಎರಡೂ ತಪ್ಪು ತಿಳಿವಳಿಕೆ ಸರ್, ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಸಂಬಳವಿಲ್ಲದೆ ಸ್ವಯಂಪ್ರೇರಿತವಾಗಿ ಕೆಲಸ ಮಾಡುವವರೂ ಉದ್ಯೋಗಿಯೇ. ನೊಂದ ಮಹಿಳೆ ಅಂದರೆ ಯಾವುದೇ ವಯಸ್ಸಿನವಳು, ಅಲ್ಲಿ ಕೆಲಸಕ್ಕಿದ್ದರೂ ಇಲ್ಲದಿದ್ದರೂ. ಕೆಲಸದ ಮೇಲೆ ಹೋದ ಜಾಗ, ಸಂಸ್ಥೆ ಒದಗಿಸಿದ ವಾಹನ ಎಲ್ಲವೂ ಕೆಲಸದ ಸ್ಥಳ. ದೂರಿಗೆ ಅವಧಿ 3 ತಿಂಗಳು, ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದೊಳಗೆ ಮುಗಿಯಬೇಕು, ವರದಿ ಅಲ್ಲಿಂದ 10 ದಿನದೊಳಗೆ.

ಆದರೆ ಈ ಕಾಯ್ದೆ ಮಹಿಳೆಯರಿಗೆ ಮಾತ್ರ. ಹುಡುಗರು, ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸುವ ನಡವಳಿಕೆ ಸಂಹಿತೆಯನ್ನು ಪ್ರತ್ಯೇಕವಾಗಿ ಮಾಡಿ, ಸ್ವಯಂಸೇವಕರಿಂದ ಮೊದಲ ದಿನವೇ ಸಹಿ ಪಡೆಯಿರಿ. ಕನ್ನಡದಲ್ಲಿ ಒಂದೇ ಪುಟ ಇರಲಿ. ಇಂಗ್ಲಿಷಿನ 20 ಪುಟಕ್ಕೆ ಸಹಿ ಹಾಕಿದವರು ಒಂದು ಸಾಲೂ ಓದಿರುವುದಿಲ್ಲ.

ಮೇಲುಕೋಟೆ ಬೆಟ್ಟ
ಇಬ್ಬರೂ ವಯಸ್ಕರು, ಇಬ್ಬರಿಗೂ ಒಪ್ಪಿಗೆ ಇದೆ ಅಂದ್ರೆ ಸಂಸ್ಥೆ ಯಾಕೆ ಮಧ್ಯೆ ಬರ್ಬೇಕು? ನಮ್ಮ ಕಡೆ ಸ್ವಯಂಸೇವಕರು ಅದೇ ಊರಿನವರು. ಅದೇ ಊರಲ್ಲಿ ಸಂಬಂಧ ಬೆಳೆಯುತ್ತೆ, ಮದುವೇನೂ ಆಗ್ತವೆ.

ಹಾಡಿ ಹಾದಿ (ಎಚ್.ಡಿ. ಕೋಟೆ)
ಅಕ್ಕಿ ಕೊಡೋನಿಗೆ 'ಬೇಡ' ಅನ್ನೋ ಧೈರ್ಯ ಇಲ್ಲದವಳು 'ಹೂಂ' ಅಂದ್ರೆ ಅದನ್ನ ಒಪ್ಪಿಗೆ ಅಂತ ಹೇಗೆ ಎಣಿಸೋದು?

ಗಡಿಯಾರ ವೃತ್ತ (ಮೈಸೂರು)
ಇದಕ್ಕೆ ಬರೆದಿಟ್ಟ ಉತ್ತರವೂ ಇದೆ. 2003ರ ವಿಶ್ವಸಂಸ್ಥೆಯ ನಿಯಮದಲ್ಲಿ ಸಿಬ್ಬಂದಿ, ಫಲಾನುಭವಿ ನಡುವಿನ ಸಂಬಂಧವನ್ನ 'ಬಲವಾಗಿ ನಿರುತ್ತೇಜಿಸಲಾಗಿದೆ' ಅಂತ ಮಾತ್ರ ಇತ್ತು, ಅದರಲ್ಲೇ ಎಲ್ಲರೂ ನುಸುಳ್ತಿದ್ದರು. ಮಾನವೀಯ ನೆರವಿನ ಸಂಸ್ಥೆಗಳ ಅಂತರ ಸಂಸ್ಥಾ ಸಮಿತಿ ತನ್ನ ಆರು ಮೂಲತತ್ವಗಳನ್ನ 2019ರಲ್ಲಿ ತಿದ್ದಿ, ಸ್ಥಾನದ ದುರುಪಯೋಗ ಇರೋ ಯಾವುದೇ ಸಂಬಂಧ ನಿಷಿದ್ಧ ಅಂತ ಬರೀತು. ಹಣಕ್ಕೋ, ಕೆಲಸಕ್ಕೋ, ಸಾಮಾನಿಗೋ ಬದಲಾಗಿ ಲೈಂಗಿಕ ಸಂಪರ್ಕ ಮೊದಲಿಂದಲೂ ನಿಷಿದ್ಧ. 18ರ ಒಳಗಿನವರ ಜೊತೆ ಪೂರ್ತಿ ನಿಷಿದ್ಧ, 'ವಯಸ್ಸು ಗೊತ್ತಿರ್ಲಿಲ್ಲ' ಅನ್ನೋ ಸಮಜಾಯಿಷಿ ನಡೆಯಲ್ಲ.

ಊರಿನ ಪ್ರಶ್ನೆ ನ್ಯಾಯವಾದದ್ದೇ. ಹೆಂಡತಿ, ನಿಶ್ಚಿತಾರ್ಥ ಆದವಳು, ನೆಂಟರು ಪಟ್ಟಿಯಲ್ಲಿದ್ರೆ ಮೊದಲೇ ಬರೆದು ತಿಳಿಸ್ಬೇಕು. ಆ ಬೀದಿಯ ನೋಂದಣಿ, ಹಂಚಿಕೆ ಎರಡರಿಂದಲೂ ಅವನನ್ನ ಬೇರೆ ಕಡೆ ಹಾಕ್ಬೇಕು. ಅಷ್ಟೇ, ಅವನು ಕೆಟ್ಟವನು ಅಂತ ಅರ್ಥ ಅಲ್ಲ.

ಕಪಿಲಾ ದಂಡೆ (ನಂಜನಗೂಡು)
ತುಂಬಾ ಉಪಕಾರ ಆಯ್ತು. ಕೇಂದ್ರದ ಜಾಗದ ಬಗ್ಗೆ ಯಾರಾದ್ರೂ ಹೇಳಿ. ನಮಗೆ ಸಿಗೋದು ಸರ್ಕಾರಿ ಶಾಲೆ, ಇಲ್ಲಾ ಸಮುದಾಯ ಭವನ. ಸುಮಾರು 200 ಜನ.

ನಲ್ಲಿ ನೀರು (ಶ್ರೀರಂಗಪಟ್ಟಣ)
ಇದು ನನ್ನ ಕೆಲಸ, ಹೇಳ್ತೀನಿ. ಸ್ಫಿಯರ್ ಮಾನದಂಡದ (ನೆರವಿನ ಕೆಲಸಕ್ಕೆ ಇರೋ ಅಂತಾರಾಷ್ಟ್ರೀಯ ಕನಿಷ್ಠ ಮಟ್ಟ) ಪ್ರಕಾರ ಆರಂಭದ ದಿನಗಳಲ್ಲಿ 50 ಜನಕ್ಕೆ ಒಂದು ಶೌಚಾಲಯ, ಆದಷ್ಟು ಬೇಗ 20 ಜನಕ್ಕೆ ಒಂದಕ್ಕೆ ಬರ್ಬೇಕು. ಹೆಂಗಸರಿಗೆ 3 ಇದ್ರೆ ಗಂಡಸರಿಗೆ 1. 200 ಜನಕ್ಕೆ ಮೊದಲ ದಿನ 4 ಅಂದ್ರೆ ಹೆಂಗಸರಿಗೆ 3. ಮಲಗೋ ಜಾಗದಿಂದ 50 ಮೀಟರ್ ಒಳಗೆ. ಒಬ್ಬರಿಗೆ 3.5 ಚದರ ಮೀಟರ್ ಸೂರು, ದಿನಕ್ಕೆ 15 ಲೀಟರ್ ನೀರು. ನೀರು ಕಡಿಮೆ ಆದ್ರೆ ಹೆಣ್ಣುಮಕ್ಕಳು ಬೆಳಗಿನ ಜಾವ ಕತ್ತಲಲ್ಲಿ ಹೊರಗೆ ನೀರಿಗೆ ಹೋಗ್ತಾರೆ. ಹಾಗಾಗಿ ಲೀಟರ್ ಲೆಕ್ಕವೂ ಈ ನಮೂನೆಗೆ ಸೇರಿದ್ದೇ.

ಶಾಲೆಗಳಲ್ಲಿ ಎಡವೋದು ಎಲ್ಲಿ ಅಂದ್ರೆ, ಹುಡುಗರ ಹುಡುಗಿಯರ ಶೌಚಾಲಯಕ್ಕೆ ಮಧ್ಯೆ ಒಂದೇ ಗೋಡೆ, ದಾರಿಯೂ ಒಂದೇ. ಮಕ್ಕಳಿಗೆ ಅಂತ ಕಟ್ಟಿದ್ದರಿಂದ ಗೋಡೆ ಗಿಡ್ಡ, ಬಾಗಿಲಿಗೆ ಹೊರಗಡೆ ಚಿಲಕ ಇರುತ್ತೆ, ಒಳಗಡೆ ಇರಲ್ಲ. ಹೋದ ಮೊದಲ ಗಂಟೆಯಲ್ಲೇ ಒಳಚಿಲಕ ಜಡೀರಿ, ಹೊರಚಿಲಕ ಬಿಚ್ಚಿ ಹಾಕಿ. ಹೊರಗಿಂದ ಯಾರೋ ಹಾಕಿಬಿಟ್ರೆ ಒಳಗಿರೋಳು ಸಿಕ್ಕಿಹಾಕ್ಕೋತಾಳೆ. ಗಂಡಸರದ್ದನ್ನ ಕಟ್ಟಡದ ಇನ್ನೊಂದು ತುದಿಗೆ ಹಾಕಿ. ಕರೆಂಟ್ ಹೋಗೇ ಹೋಗುತ್ತೆ, ದಾರಿಗೆ ಸೋಲಾರ್ ದೀಪ ಬೇಕು. ದೀಪ ಬರೀ ಬಾಗಿಲ ಮೇಲೆ ಇಟ್ಟು ದಾರಿ ಕತ್ತಲೆ ಬಿಡಬೇಡಿ.

ಸ್ನಾನಕ್ಕೆ ಟಾರ್ಪಾಲು ಕಟ್ಟೋರು ಎತ್ತರ ನೋಡ್ತಾರೆ, ಮೇಲ್ಗಡೆ ಮಹಡಿ ಇರೋದು ಮರೀತಾರೆ. ಮಹಡಿಯಿಂದ ಫೋನ್ ಹಿಡಿದ್ರೆ ಮುಗೀತು. ಮೇಲೂ ಮುಚ್ಚಿ.

ಸಕ್ಕರೆ ಸೀಮೆ (ಪಾಂಡವಪುರ)
ಫೋನ್ ಅಂದ್ರಲ್ಲಾ, ಫೋಟೋ ಹುಚ್ಚು ನಿಲ್ಲಿಸ್ರಪ್ಪಾ ಮೊದ್ಲು. ಒದ್ದೆ ಸೀರೇಲಿ ನಿಂತಿರೋ ಹೆಂಗಸಿನ ಕೈಗೆ ಕಿಟ್ಟು ಕೊಟ್ಟು ಫೋಟೋ ತೆಗ್ದು ಫೇಸ್‌ಬುಕ್ಕಿಗೆ ಹಾಕೋದು. ನೋಡೋಕಾಗಕಿಲ್ಲ.

ಲೆಕ್ಕದ ಪುಸ್ತಕ (ಮಂಡ್ಯ)
ಫೋಟೋಗಿಂತ ದೊಡ್ಡದು ಪಟ್ಟಿ. ಫಲಾನುಭವಿಗಳ ಹೆಸರು, ಫೋನ್ ನಂಬರು, 'ವಿಧವೆ', 'ಒಂಟಿ ಮಹಿಳೆ' ಅನ್ನೋ ಕಾಲಂ ಸಮೇತ ಎಕ್ಸೆಲ್ ಹಾಳೆ 60 ಜನರ ವಾಟ್ಸಾಪ್ ಗುಂಪಿಗೆ ಬೀಳುತ್ತೆ. ರಾತ್ರಿ 11ಕ್ಕೆ 'ಕಿಟ್ಟು ಸಿಕ್ತಾ ಮೇಡಂ' ಅನ್ನೋ ಕರೆ ಶುರುವಾಗೋದು ಅಲ್ಲಿಂದಲೇ. ಹಂಚೋ ಹುಡುಗನಿಗೆ ಬೇಕಾದದ್ದು ಟೋಕನ್ ನಂಬರು, ಹೆಸರು, ಕಿಟ್ಟಿನ ಸಂಖ್ಯೆ ಮಾತ್ರ. ಫೋನ್ ನಂಬರು ಕಚೇರಿಯಲ್ಲಿ ಇಬ್ಬರ ಹತ್ರ ಇರ್ಲಿ. ಕರೆ ಹೋಗ್ಬೇಕಾದ್ದು ಸಂಸ್ಥೆಯ ಒಂದೇ ನಂಬರಿನಿಂದ, ಬೆಳಗ್ಗೆ 9ರಿಂದ ಸಂಜೆ 6ರ ಒಳಗೆ. ಹಂಚಿಕೆಗೆ ಮೊದಲೇ ಮೈಕಿನಲ್ಲಿ ಹೇಳಿ: ಬೇರೆ ನಂಬರಿಂದ ಕರೆ ಬಂದ್ರೆ ಅದು ನಮ್ಮದಲ್ಲ, ಬಂದು ತಿಳಿಸಿ.

ಗಡಿಯಾರ ವೃತ್ತ (ಮೈಸೂರು)
ಇದು ನನಗೆ ಹೊಳೆದಿರಲೇ ಇಲ್ಲ. ನಮೂನೆಗಳಲ್ಲೂ ಈ ಕಾಲಂ ಇರಲ್ಲ.

ಕಪಿಲಾ ದಂಡೆ (ನಂಜನಗೂಡು)
ದೂರು ಪೆಟ್ಟಿಗೆ ಇಟ್ಟಿದೀವಿ, ಕಚೇರಿ ಬಾಗಿಲ ಪಕ್ಕ. ಒಂದು ಚೀಟಿಯೂ ಬಿದ್ದಿಲ್ಲ.

ಹಾಡಿ ಹಾದಿ (ಎಚ್.ಡಿ. ಕೋಟೆ)
ಕಚೇರಿ ಬಾಗಿಲಲ್ಲಿ ಎಲ್ಲರ ಕಣ್ಣೆದುರು ಯಾರು ಹಾಕ್ತಾರೆ ಅಕ್ಕ? ಹೆಂಗಸರ ಶೌಚಾಲಯಕ್ಕೆ ಹೋಗೋ ದಾರಿಯಲ್ಲಿ ಇಡಿ, ಸಿಸಿ ಕ್ಯಾಮೆರಾ ಕಣ್ಣಿಗೆ ಬೀಳಬಾರದು. ಎರಡು ಬೀಗ, ಎರಡು ಕೈಲಿ ಕೀಲಿ, ಅದರಲ್ಲಿ ಒಂದು ಆ ಕೇಂದ್ರದ ಕೆಲಸಕ್ಕೆ ಸಂಬಂಧವೇ ಇಲ್ಲದ ಮಹಿಳೆಯ ಹತ್ರ. ಕೇಂದ್ರ ನಡೀತಿರೋವಾಗ ದಿನಾ ತೆಗೀಬೇಕು. ಪೆಟ್ಟಿಗೆ ಖಾಲಿ ಇದ್ರೂ 'ಖಾಲಿ' ಅಂತ ದಿನಾಂಕ ಹಾಕಿ ಬರೀಬೇಕು.

ಪೆಟ್ಟಿಗೆ ಒಂದನ್ನೇ ನಂಬಬೇಡಿ. ಓದು ಬರಹ ಇಲ್ಲದವರು ಇದಾರೆ. ಕಾಡಂಚಿನ ಎಷ್ಟೋ ಹಾಡಿಗಳಲ್ಲಿ ಸಿಗ್ನಲ್ ಸರಿಯಾಗಿ ಸಿಗಲ್ಲ, ಹಾಗಾಗಿ ಸಹಾಯವಾಣಿ ನಂಬರು ಗೋಡೆಗೆ ಅಂಟಿಸಿ ಕೈ ತೊಳ್ಕೊಳ್ಳೋ ಹಾಗಿಲ್ಲ. ಜನ ನಿಜವಾಗಿ ಯಾರ ಹತ್ರ ಮಾತಾಡ್ತಾರೆ ಅಂತ ಕೇಳಿ. ಒಂದು ಕಡೆ ಆಶಾ ಕಾರ್ಯಕರ್ತೆ, ಇನ್ನೊಂದು ಕಡೆ ಅಂಗನವಾಡಿ ಟೀಚರು, ಮತ್ತೊಂದು ಕಡೆ ಸ್ತ್ರೀಶಕ್ತಿ ಸಂಘದ ಹಿರಿಯಕ್ಕ. ಅವರಿಗೆ ಹೇಳಿಕೊಡಿ. ಅವರಿಗೂ ಹಾಡಿಯ ಯಜಮಾನನಿಗೂ ಏನು ಸಂಬಂಧ ಅಂತ ಮಾತ್ರ ನೋಡಿಕೊಳ್ಳಿ.

ಅಪಾಯ ಅಳೆಯೋಕೆ ಹೆಂಗಸರ ಗುಂಪು ಕೂರಿಸೋವಾಗ ಇನ್ನೊಂದು ಎಚ್ಚರ. 6ರಿಂದ 8 ಜನ ಸಾಕು, ಹದಿಹರೆಯದವರು ಬೇರೆ, ಮಾತಾಡಿಸೋರು ಹೆಂಗಸರೇ ಇರ್ಲಿ. 'ನಿಮಗೆ ಹೀಗೆ ಆಗಿದ್ಯಾ' ಅಂತ ಕೇಳಲೇಬೇಡಿ. 'ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳು ಯಾವ ಕಡೆ ಹೋಗಲ್ಲ', 'ಪಟ್ಟಿಗೆ ಹೆಸರು ಸೇರಿಸೋಕೆ ಯಾರನ್ನ ಹಿಡೀಬೇಕು' ಅಂತ ಕೇಳಿ. ಎರಡನೇ ಪ್ರಶ್ನೆಗೆ ಎಲ್ಲರೂ ಒಬ್ಬನದ್ದೇ ಹೆಸರು ಹೇಳಿದ್ರೆ ಪಟ್ಟಿಯ ಅಧಿಕಾರ ಅಲ್ಲಿ ಗಂಟು ಬಿದ್ದಿದೆ ಅಂತ ತಿಳ್ಕೊಳ್ಳಿ.

ಆರತಿ ಉಕ್ಕಡ (ಶ್ರೀರಂಗಪಟ್ಟಣ)
ಆ ಗುಂಪಿನಲ್ಲೇ ಯಾರಾದರೂ ನಡೆದದ್ದನ್ನ ಹೇಳಿಬಿಟ್ಟರೆ?

ಚಾಮುಂಡಿಪುರಂ ವಕೀಲೆ (ಮೈಸೂರು)
ಗುಂಪಿನ ಮುಂದೆ ಮುಂದುವರಿಸಬೇಡಿ, ಮೆಲ್ಲಗೆ ಮಾತು ಬೇರೆಡೆ ತಿರುಗಿಸಿ, ಆಮೇಲೆ ಒಬ್ಬರೇ ಇರುವಾಗ ಕೇಳಿಸಿಕೊಳ್ಳಿ. ಕೆದಕಬೇಡಿ, ಅವಳು ಹೇಳಿದ ಮಾತನ್ನು ಅವಳ ಮಾತಿನಲ್ಲೇ ಬರೆದುಕೊಳ್ಳಿ. 'ಅವನನ್ನು ಕರೆದು ಕೇಳೋಣ' ಅನ್ನುವ ಪಂಚಾಯಿತಿ ಮಾತ್ರ ಬೇಡವೇ ಬೇಡ. 24 ಗಂಟೆಯೊಳಗೆ ಗೊತ್ತುಪಡಿಸಿದ ಒಬ್ಬರಿಗೆ ತಲುಪಿಸಬೇಕು ಅಂತ ನಿಮ್ಮ ನೀತಿಯಲ್ಲಿ ಬರೆಯಿರಿ.

ಅತ್ಯಾಚಾರ ಅಂದರೆ ಮೊದಲು ಚಿಕಿತ್ಸೆ. ಎಚ್‌ಐವಿ ತಡೆ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ತುರ್ತು ಗರ್ಭ ನಿರೋಧಕ ಮಾತ್ರೆಯೂ ಬೇಗ ಕೊಟ್ಟಷ್ಟೂ ಒಳ್ಳೆಯದು. ಮೈಸೂರಾದರೆ ಚೆಲುವಾಂಬ ಆಸ್ಪತ್ರೆ, ಮಂಡ್ಯವಾದರೆ ಮಿಮ್ಸ್ ಆಸ್ಪತ್ರೆ. ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು ಅಂತ ಕಾನೂನಿದೆ. ವಯಸ್ಕ ಮಹಿಳೆ ಪೊಲೀಸರಿಗೆ ಹೋಗುವುದು ಬಿಡುವುದು ಅವಳ ಇಷ್ಟ. 18ರ ಒಳಗಿನವರಾದರೆ ಆ ಆಯ್ಕೆ ನಿಮಗಿಲ್ಲ: ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. 1098 (ಮಕ್ಕಳ ಸಹಾಯವಾಣಿ), 181 (ಮಹಿಳಾ ಸಹಾಯವಾಣಿ), 112 (ತುರ್ತು ಕರೆ) ಮೂರೂ ಗೋಡೆಯ ಮೇಲಿರಲಿ.

ಮೇಲುಕೋಟೆ ಬೆಟ್ಟ
ಸುಳ್ಳು ದೂರು ಕೊಟ್ರೆ? ಒಬ್ಬನ ಮಾನ ಹೋದ್ಮೇಲೆ ವಾಪಸ್ ಬರುತ್ತಾ?

ಚಾಮುಂಡಿಪುರಂ ವಕೀಲೆ (ಮೈಸೂರು)
2013ರ ಕಾಯ್ದೆಯ 14ನೇ ಕಲಂ ಓದಿ ಸರ್. ದುರುದ್ದೇಶದ ಸುಳ್ಳು ದೂರಿಗೆ ಕ್ರಮ ಇದೆ. ಆದರೆ ಸಾಕ್ಷಿ ಸಿಗದೆ ದೂರು ಸಾಬೀತಾಗದಿದ್ದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲ. ಹೆಸರು ಬಹಿರಂಗ ಮಾಡಬಾರದೆಂಬ 16ನೇ ಕಲಂ ಇಬ್ಬರನ್ನೂ ಕಾಯುತ್ತದೆ. ಆರೋಪಿಗೂ 7 ಕೆಲಸದ ದಿನದೊಳಗೆ ದೂರಿನ ಪ್ರತಿ ಸಿಗಬೇಕು, ಉತ್ತರಿಸಲು 10 ಕೆಲಸದ ದಿನ ಇದೆ. ಕ್ರಮ ಸರಿಯಾಗಿ ನಡೆದರೆ ಮಾನವೂ ಉಳಿಯುತ್ತದೆ. ಹಾಳಾಗುವುದು ವಾಟ್ಸಾಪಿನಲ್ಲಿ ವಿಚಾರಣೆ ನಡೆದಾಗ.

ಇನ್ನೊಂದು. ವಿಚಾರಣೆ ಮುಗಿಯುವವರೆಗೆ ಹುಡುಗಿಯನ್ನೇ ಬೇರೆ ಕೇಂದ್ರಕ್ಕೆ ಕಳಿಸುವ ಚಾಳಿ ಇದೆ. ಅವಳು ಕೇಳದೆ ಹಾಗೆ ಮಾಡಬೇಡಿ. ಆರೋಪಿಯನ್ನು ಸಂಬಳ ಸಮೇತ ಜನರ ಸಂಪರ್ಕವಿಲ್ಲದ ಕೆಲಸಕ್ಕೆ ಹಾಕಿ. ದೂರು ಕೊಟ್ಟವಳ ಕಿಟ್ಟು ಒಂದು ದಿನವೂ ನಿಲ್ಲಬಾರದು. ಅದನ್ನು ಯಾರು ಖಚಿತಪಡಿಸುತ್ತಾರೆ ಅಂತ ಹುದ್ದೆ ಸಮೇತ ಬರೆದಿಡಿ.

ಕಪಿಲಾ ದಂಡೆ (ನಂಜನಗೂಡು)
ನೇಮಕದ ಬಗ್ಗೆ? ಪೊಲೀಸ್ ಪರಿಶೀಲನೆ ಮಾಡಿಸಿದ್ರೆ ಸಾಕಾಗುತ್ತಾ?

ಗಡಿಯಾರ ವೃತ್ತ (ಮೈಸೂರು)
ಮಾಡಿಸಿ, ಆದ್ರೆ ಅದರಲ್ಲಿ ಸಿಕ್ಕಿಬೀಳೋದು ಕೇಸ್ ಆದವರು ಮಾತ್ರ. ಈ ಕ್ಷೇತ್ರದಲ್ಲಿ 'ರಾಜೀನಾಮೆ ಕೊಟ್ಟು ಹೋಗು' ಅಂತ ಸುಮ್ಮನೆ ಕಳಿಸ್ತಾರೆ, ಅವನು ಮುಂದಿನ ಸಂಸ್ಥೆ ಸೇರ್ತಾನೆ. ಹೈಟಿ ಭೂಕಂಪದ ನಂತರ 2011ರಲ್ಲಿ ಲೈಂಗಿಕ ದುರ್ನಡತೆ ವಿಚಾರಕ್ಕೆ ಬ್ರಿಟನ್ನಿನ ನೆರವು ಸಂಸ್ಥೆ ಆಕ್ಸ್‌ಫ್ಯಾಮ್ ಬಿಟ್ಟವರಲ್ಲಿ ಕೆಲವರು ಬೇರೆ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಿದ್ದು 2018ರಲ್ಲಿ ಸುದ್ದಿಯಾಯ್ತು. ಅದಾದ ಮೇಲೆ ಬಂದದ್ದೇ ದುರ್ನಡತೆ ಮಾಹಿತಿ ವಿನಿಮಯದ ವ್ಯವಸ್ಥೆ: ಹಿಂದಿನ 5 ವರ್ಷದ ಉದ್ಯೋಗದಾತರನ್ನೆಲ್ಲ ಬರಹದಲ್ಲಿ ಕೇಳೋದು. ಚಿಕ್ಕ ಸಂಸ್ಥೆಯೂ ಮಾಡಬಹುದು. ಲೈಂಗಿಕ ದುರ್ನಡತೆ ಸಾಬೀತಾಗಿತ್ತಾ, ವಿಚಾರಣೆ ನಡೀತಿರೋವಾಗ ಬಿಟ್ಟು ಹೋದರಾ, ಮಾಹಿತಿ ಕೊಡೋಕೆ ನಿಮಗೆ ಕಾನೂನಿನ ಅಡ್ಡಿ ಇದೆಯಾ, ಇಷ್ಟು ಕೇಳಿ. ಅಭ್ಯರ್ಥಿಯಿಂದ ಮೊದಲೇ ಒಪ್ಪಿಗೆ ಪತ್ರ ಬರೆಸಿಕೊಂಡಿರಿ.

ದಿನಗೂಲಿ ಆಯ್ಕೆಯನ್ನೂ ಮರೀಬೇಡಿ. ಕಾಂಗೋದಲ್ಲಿ ಎಬೋಲಾ ಕಾಲದ ಆರೋಪಗಳ ಬಗ್ಗೆ 2021ರಲ್ಲಿ ಬಂದ ಸ್ವತಂತ್ರ ಆಯೋಗದ ವರದಿ 83 ಆರೋಪಿಗಳನ್ನ ಗುರುತಿಸಿತು, ಅವರಲ್ಲಿ 21 ಜನ ವಿಶ್ವ ಆರೋಗ್ಯ ಸಂಸ್ಥೆಯವರು. 'ಕೆಲಸ ಕೊಡಿಸ್ತೀನಿ' ಅನ್ನೋದೇ ಅಲ್ಲಿ ಬಲೆ ಆಗಿತ್ತು. ಅಡುಗೆಗೆ 6 ಹೆಂಗಸರು ಬೇಕಾದ್ರೂ ಬೋರ್ಡಿಗೆ ಹಾಕಿ, ಕೂಲಿ ಎಷ್ಟು ಅಂತ ಬರೀರಿ, 'ಈ ಕೆಲಸಕ್ಕೆ ಯಾರಿಗೂ ಏನನ್ನೂ ಕೊಡಬೇಕಿಲ್ಲ' ಅಂತ ಸೇರಿಸಿ, ಇಬ್ಬರು ಕೂತು ಆರಿಸಿ.

ಸಕ್ಕರೆ ಸೀಮೆ (ಪಾಂಡವಪುರ)
ನಂದೊಂದು. ಆಸ್ಪತ್ರೆಗೆ ಹೋಗೋ ಗಾಡಿಗೆ ಏನ್ ಮಾಡಾದು? ರಾತ್ರಿ ಎರಡ್ನೇ ಆಳು ಎಲ್ಲಿ ಸಿಕ್ಕಾದು?

ಹಾಡಿ ಹಾದಿ (ಎಚ್.ಡಿ. ಕೋಟೆ)
ಮೊದಲು 108 ಆಂಬುಲೆನ್ಸ್‌ಗೆ ಕರೆ ಮಾಡಿ ಅಣ್ಣ. ಬರೋದು ತಡ ಆಗುತ್ತೆ ಅಂದ್ರೆ ಅವಳ ಕಡೆಯವರೊಬ್ಬರು ಅವಳ ಜೊತೆ ಹಿಂದಿನ ಸೀಟಲ್ಲಿ ಕೂರಲಿ. ಹೊರಟ ಹೊತ್ತು, ತಲುಪಿದ ಹೊತ್ತು ಎರಡನ್ನೂ ಕೇಂದ್ರದ ಪುಸ್ತಕದಲ್ಲಿ ಬರೀರಿ, ಡ್ರೈವರ್ ಫೋನಿನ ಲೊಕೇಶನ್ ಮೇಲ್ವಿಚಾರಕಿಗೆ ಕಾಣ್ತಿರ್ಲಿ. ಕಡೆಯವರೂ ಇಲ್ಲ ಅಂದ್ರೆ ಅದೇ ಕೇಂದ್ರದ ಇನ್ನೊಬ್ಬ ಹೆಂಗಸನ್ನ ಕೇಳಿ, ಅವರ ವಾಪಸ್ ಪ್ರಯಾಣದ ಖರ್ಚು ಸಂಸ್ಥೆ ಕೊಡ್ಲಿ. ಮಳೆ ಶುರುವಾಗೋಕೆ ಮುಂಚೆಯೇ ಹಾಗೆ ಬರಬಲ್ಲ ನಾಲ್ಕೈದು ಹೆಂಗಸರ ಹೆಸರು ಬರೆದಿಟ್ಟಿರಿ.

ಕಪಿಲಾ ದಂಡೆ (ನಂಜನಗೂಡು)
ಹಳೇ ಕರಡು ಹರಿದು ಹಾಕಿದೆ. ಶನಿವಾರ ಡ್ರೈವರ್, ಅಡುಗೆಯವರು, ಉಗ್ರಾಣದವರನ್ನೆಲ್ಲ ಕೂರಿಸಿ ದೊಡ್ಡ ಹಾಳೆ ಹಾಕ್ತಿದೀವಿ. ಲೆಕ್ಕದ ಪುಸ್ತಕ ಅವರೇ, ಫೋನ್ ನಂಬರ್ ಇಲ್ಲದ ಹಂಚಿಕೆ ಪಟ್ಟಿಯ ಮಾದರಿ ಇದ್ರೆ ಕಳಿಸಿ.

ಲೆಕ್ಕದ ಪುಸ್ತಕ (ಮಂಡ್ಯ)
ರಾತ್ರಿ ಕಳಿಸ್ತೀನಿ ಮೇಡಂ. 'ವಿಧವೆ' ಕಾಲಂ ತೆಗೆದೇ ಕಳಿಸ್ತೀನಿ, ವಾಪಸ್ ಸೇರಿಸಬೇಡಿ.